ಮೇಕೆ ತಿಂದ ಹಗ್ಗ

"ಗುರುಗಳೇ, ಮನೆಯವರು ತಾವಾಗಿ ಕರೆ ಕಳಿಸದೆ ಶಿಷ್ಯನು ಮನೆಗೆ ಹೋಗಕೂಡದು ಎಂಬುದು ಇಲ್ಲಿಯ ನಿಯಮ. ಈಗ ಕರೆ ಬಂದಿದೆ. ಹೊರಡಬಹುದೇ?" ಎಂದು ಶಿಷ್ಯನು ಕೇಳಿದನು.

ಅವನ ಭಾವ ಗಾಡಿ ಹೂಡಿಕೊಂಡು ಬಂದಿದ್ದನು. ಎತ್ತುಗಳ ನೊಗ ಇಳಿಸದೆ ಅಂಗಳದ ಆಚೆ ಕಾದಿದ್ದನು. "ನೀನು ಸೊರಗಿದ್ದೀಯೆ ಅಂತ ಕೇಳಿದಾಗಿನಿಂದ ನಿನ್ನ ಅಕ್ಕ ಸರಿಯಾಗಿ ಉಂಡಿಲ್ಲ, ನನಗೂ ಉಣ್ಣಲು ಬಿಟ್ಟಿಲ್ಲ" ಎಂದು ಬಂದವನೇ ಹೇಳಿದ್ದನು.

ಶಿಷ್ಯನು ಸೊರಗಿರಲಿಲ್ಲ. ಅವನಿಗೆ ಮನೆಯ ಹಂಬಲ ಹತ್ತಿತ್ತು. ತಾಯಿಯಿಲ್ಲದ ಅವನನ್ನು ಸಾಕಿದವಳು ಅಕ್ಕ. ಅವಳ ಮಗು ಹೆಜ್ಜೆ ಹಾಕುತ್ತಿದೆ ಎಂದು ಯಾರೋ ಹೇಳಿದ ದಿನದಿಂದ ಓದಿದ್ದು ಅವನ ತಲೆಗೆ ಇಳಿಯುತ್ತಿರಲಿಲ್ಲ. ಆಶ್ರಮಕ್ಕೆ ದೀಪದ ಎಣ್ಣೆ ತರುವವನು ಹೋದ ಹುಣ್ಣಿಮೆಯಲ್ಲಿ ಅವನ ಊರಿನ ಕಡೆ ಹೊರಟಿದ್ದನು. ಶಿಷ್ಯನು ಅವನನ್ನು ಬಾವಿಯ ಬಳಿ ನಿಲ್ಲಿಸಿ, "ನಮ್ಮಕ್ಕ ಸಿಕ್ಕಿದರೆ ನಾನು ಸೊರಗಿದ್ದೇನೆ ಅನ್ನು. ನಾನು ಹೇಳಿ ಕಳಿಸಿದೆ ಅನ್ನಬೇಡ. ನೀನೇ ಕಣ್ಣಾರೆ ನೋಡಿದೆ ಅನ್ನು" ಎಂದಿದ್ದನು. ಎಣ್ಣೆಯವನು ನಕ್ಕು, ಬರಿದಾದ ಡಬ್ಬ ಹೆಗಲಿಗೇರಿಸಿ ಹೋಗಿದ್ದನು. ಈ ಮಾತು ಗುರುಗಳಿಗೆ ತಿಳಿದಿರಲಾರದು ಎಂದು ಶಿಷ್ಯನು ಎಣಿಸಿದ್ದನು.

ಗುರುಗಳು ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. "ಎತ್ತುಗಳಿಗೆ ನೀರು ತೋರಿಸಿ ಬಾ. ಒಂದು ಕತೆ ಹೇಳುತ್ತೇನೆ" ಎಂದರು. ಶಿಷ್ಯನು ನೀರು ತೋರಿಸಿ ಬಂದು ಕುಳಿತನು. ಗುರುಗಳು ಹೇಳತೊಡಗಿದರು.

ಚೀನಾ ದೇಶದ ಒಂದು ಬೆಟ್ಟದ ಊರಿನಲ್ಲಿ ಒಂದು ನಿಯಮವಿತ್ತು. ಒಂದು ಬೇಸಿಗೆ ಹಾಲು ಕೊಟ್ಟ ಮರವನ್ನು ಮುಂದಿನ ಬೇಸಿಗೆ ಗೀರಕೂಡದು, ಅದಕ್ಕೆ ಕಟ್ಟಿದ ಹಗ್ಗವನ್ನು ಯಾರೂ ಬೀಳಿಸಕೂಡದು. ಆ ಊರಿನಲ್ಲಿ ಎಲ್ಲರೂ ಆ ನಿಯಮವನ್ನು ಮುರಿದರು. ಮುರಿದೆ ಎಂದು ಅವರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ.

ಮರದ ಹಾಲು ಎಂದರೇನು ಎಂದು ಮೊದಲು ಹೇಳಬೇಕು. ನಮ್ಮಲ್ಲಿ ಬೊಂಬೆಗೆ, ತೊಟ್ಟಿಲಿಗೆ ಹಚ್ಚುವ ಅರಗು ಹುಳುವಿನಿಂದ ಬರುವುದು. ಅಲ್ಲಿಯವರ ಮೆರುಗು ಒಂದು ಜಾತಿಯ ಮರದ ತೊಗಟೆ ಗೀರಿದರೆ ಒಸರುವ ಹಾಲು. ಹಸಿಯಾಗಿದ್ದಾಗ ಮೈಗೆ ತಾಕಿದರೆ ಬೊಬ್ಬೆ ಏಳುತ್ತದೆ. ಒಣಗಿದ ಮೇಲೆ, ಅದೇ ಹಾಲು ಬಳಿದ ಬಟ್ಟಲಿನಲ್ಲಿ ಹಸುಗೂಸಿಗೆ ಗಂಜಿ ಕುಡಿಸಬಹುದು. ಅದು ಬಿಸಿಲಿನಲ್ಲಿ ಒಣಗುವುದಿಲ್ಲ. ತೇವ ತುಂಬಿದ ಕತ್ತಲೆ ಕೋಣೆಯಲ್ಲಿ ಒಣಗುತ್ತದೆ. ಒಂದು ಲೇಪ ಒಣಗಿದರೆ ಉಜ್ಜಬೇಕು, ಉಜ್ಜಿದ ಮೇಲೆ ಇನ್ನೊಂದು ಲೇಪ ಹಚ್ಚಬೇಕು. ಹೀಗೆ ಹಚ್ಚುತ್ತ ಉಜ್ಜುತ್ತ ಹೋದರೆ ಒಂದು ದಿನ ಬರಿ ಹಲಗೆಯು ಬಾವಿಯ ನೀರಿನ ಹಾಗೆ ಮುಖ ತೋರಿಸುತ್ತದೆ. ಒಂದು ಮರ ಒಂದು ಬೇಸಿಗೆಯಲ್ಲಿ ಕೊಡುವುದು ಸಣ್ಣ ಬಟ್ಟಲಿನಷ್ಟು ಹಾಲು.

ಆ ಊರಿನವರು ಹಾಲು ತೆಗೆಯುವ ಕೆಲಸ ಮುಗಿದ ಮೇಲೆ, ಆ ವರ್ಷ ಗೀರಿದ ಮರಗಳಿಗೆಲ್ಲ ಹುಲ್ಲಿನ ಹಗ್ಗ ಸುತ್ತಿ ಗಂಟು ಹಾಕುತ್ತಿದ್ದರು. ಹಗ್ಗವಿರುವ ಮರಕ್ಕೆ ಕತ್ತಿ ತೋರಿಸುವಂತಿರಲಿಲ್ಲ. ಹಗ್ಗವನ್ನು ಯಾರೂ ಬಿಚ್ಚುವಂತಿರಲಿಲ್ಲ. ಮಳೆಗೆ ಗಾಳಿಗೆ ಹುಲ್ಲು ಕೊಳೆತು ಹಗ್ಗ ತಾನಾಗಿ ಬೀಳಬೇಕು. ಬಿದ್ದ ಮೇಲೆ ಮರವನ್ನು ಮತ್ತೆ ಗೀರಬಹುದು. ಹಗ್ಗ ಬೀಳುವಷ್ಟರಲ್ಲಿ ಒಂದು ಬೇಸಿಗೆ ಕಳೆದಿರುತ್ತಿತ್ತು, ತೊಗಟೆಯ ಗಾಯ ಕೂಡಿರುತ್ತಿತ್ತು. ಹೀಗೆ ತೋಪಿನ ಅರ್ಧ ಹಾಲು ಕೊಟ್ಟರೆ ಅರ್ಧ ಬಿಡುವಿನಲ್ಲಿರುತ್ತಿತ್ತು. ಪಕ್ಕದ ಕಣಿವೆಯವರು ಹಗ್ಗ ಕಟ್ಟುವುದನ್ನು ಬಿಟ್ಟಿದ್ದರು. ಸ್ವಲ್ಪ ಕಾಲ ಅವರಿಗೆ ದುಪ್ಪಟ್ಟು ಹಾಲು ಸಿಕ್ಕಿತು. ಆಮೇಲೆ ಮರಗಳು ಚಿಗುರಲಿಲ್ಲ. ಈಗ ಅವರು ಕಲ್ಲು ಒಡೆಯುತ್ತಿದ್ದರು.

ಊರಿನಲ್ಲಿ ಒಬ್ಬ ಮೆರುಗುಗಾರನಿದ್ದನು. ಅವನು ಲೇಪ ಹಚ್ಚುವನು, ಅವನ ಹೆಂಡತಿ ಉಜ್ಜುವಳು. ಕೊನೆಯ ಉಜ್ಜುವಿಕೆಗೆ ಕಲ್ಲೂ ಇಲ್ಲ, ಬಟ್ಟೆಯೂ ಇಲ್ಲ. ಬರಿ ಅಂಗೈ. ಲೇಪ ಎಲ್ಲಿ ತೆಳುವಾಗಿದೆ, ಯಾವ ಹಾಲು ಎಳೆಯ ಮರದ್ದು, ಯಾವುದು ಮುದಿ ಮರದ್ದು ಎಂಬುದೆಲ್ಲ ಅವಳ ಅಂಗೈಗೆ ತಿಳಿಯುತ್ತಿತ್ತು. ಅವರು ಮಾಡಿದ ಒಂದು ತಟ್ಟೆ ಕೈಯಿಂದ ಕೈಗೆ ದಾಟಿ ರಾಜಧಾನಿಗೆ ಹೋಯಿತು. ಅಲ್ಲಿಯ ಅರಮನೆಯ ಕಾರ್ಖಾನೆಯ ಮುಖ್ಯಸ್ಥ ಅದರ ಮೇಲೆ ಕೈಯಾಡಿಸಿ, "ಇದನ್ನು ಉಜ್ಜಿದ ಕೈ ಬೇಕು" ಎಂದನು.

ಅಧಿಕಾರಿಯೊಬ್ಬನು ಆ ಕೈಯನ್ನು ಹುಡುಕಿಕೊಂಡು ಊರಿಗೆ ಬಂದನು. ಆಗ ಹೆಂಡತಿ ತೋಪಿನಲ್ಲಿ ಹಗ್ಗ ಕಟ್ಟುತ್ತಿದ್ದಳು. "ಸ್ವಲ್ಪ ಇರಿ, ಇನ್ನೂ ಕೆಲವು ಮರ ಉಳಿದಿವೆ" ಎಂದಳು. ಅಧಿಕಾರಿ ಕಾದನು. ಅವಳು ಕೊನೆಯ ಮರಕ್ಕೆ ಗಂಟು ಹಾಕಿದಳು. ಮನೆಗೆ ಬಂದು ತನ್ನ ಜಡೆಯನ್ನು ಬುಡಕ್ಕೆ ಕತ್ತರಿಸಿ ಗಂಡನ ಕೈಗೆ ಕೊಟ್ಟಳು. "ಕುಂಚ ಮಾಡಿಕೋ. ಎತ್ತಿನ ಬಾಲದ ಕೂದಲು ಗೆರೆ ಬಿಡುತ್ತದೆ" ಎಂದಳು. ಹೊರಡುವಾಗ ಅವಳು ಆಡಿದ ಮಾತು ಇಷ್ಟೇ.

ಮೆರುಗುಗಾರನು ಅಧಿಕಾರಿಯ ಕುದುರೆಗೆ ಅಡ್ಡ ನಿಂತನು. ಅಧಿಕಾರಿ ಕೆಟ್ಟವನಲ್ಲ. ಅವನು ಹೇಳಿದನು, "ಅರಮನೆಗೆ ಆರು ಹಲಗೆಯ ಮಡಿಸುವ ಪರದೆಯೊಂದು ಬೇಕಾಗಿದೆ. ಬರುವ ವರ್ಷದ ಚಳಿಗಾಲದಲ್ಲಿ ದಾರಿಗೆ ಹಿಮ ಬೀಳುವ ಮೊದಲು ನೀನು ಲೇಪ ಮುಗಿಸಿ ಕಳಿಸು. ಕೊನೆಯ ಕೈ ಅಲ್ಲಿ ಇವಳೇ ಉಜ್ಜುತ್ತಾಳೆ. ಪರದೆ ಒಪ್ಪಿಗೆಯಾದರೆ ಇವಳನ್ನು ಬಿಟ್ಟುಕೊಡುತ್ತೇವೆ. ಆಗದಿದ್ದರೆ ಈ ಕೈ ಅಲ್ಲಿಯೇ ಇರುತ್ತದೆ."

ಅವಳು ಹೋದಳು. ಅಂದಿನಿಂದ ಮೆರುಗುಗಾರನು ಹುಲ್ಲುಚಾಪೆಯ ತನ್ನ ಅರ್ಧದಲ್ಲಿ ಮಾತ್ರ ಮಲಗಿದನು. ಅವನ ಅರ್ಧ ಸವೆದು ಕಪ್ಪಾಯಿತು. ಅವಳ ಅರ್ಧದಲ್ಲಿ ಹುಲ್ಲು ಇನ್ನೂ ಹೊಂಬಣ್ಣವಾಗಿಯೇ ಉಳಿಯಿತು.

ಅವನು ಕುಂಚ ಕಟ್ಟಿದನು. ಆ ದೇಶದಲ್ಲಿ ಮೆರುಗಿನ ಕುಂಚದ ಕೂದಲು ತುದಿಯಲ್ಲಿ ಮಾತ್ರ ಇರುವುದಿಲ್ಲ. ಪೆನ್ಸಿಲಿನ ಸೀಸದ ಹಾಗೆ ಹಿಡಿಯ ಉದ್ದಕ್ಕೂ ಒಳಗೆ ಇರುತ್ತದೆ. ತುದಿ ಸವೆದರೆ ಮರವನ್ನು ಕೆತ್ತಬೇಕು, ಹೊಸ ಕೂದಲು ಹೊರಗೆ ಬರುತ್ತದೆ. ಅವನು ಕೆತ್ತುವಾಗಲೆಲ್ಲ ಕೈ ತಡೆದು ಕೆತ್ತುತ್ತಿದ್ದನು. ಹಚ್ಚಿದಷ್ಟೂ ಅವಳು ಬರುವ ದಿನ ಹತ್ತಿರವಾಗುತ್ತಿತ್ತು, ಹಚ್ಚಿದಷ್ಟೂ ಅವಳ ಜಡೆ ಮುಗಿಯುತ್ತಿತ್ತು.

ಆರು ಹಲಗೆಗೆ ಬೇಕಾದ ಹಾಲು ಬಹಳ. ಬಿಡುವಿನಲ್ಲಿಲ್ಲದ ಅರ್ಧ ತೋಪು ಕೊಡುವ ಹಾಲು, ಊರಿನ ಹಿಂದಿನ ಲೆಕ್ಕದಲ್ಲಿ, ಅದರ ಅರ್ಧಕ್ಕೂ ಸಾಲದು. ಆದ್ದರಿಂದ ಹಾಲು ಎಲ್ಲಿ ಪೋಲಾಗುತ್ತದೆ ಎಂದು ಅವನು ನೋಡತೊಡಗಿದನು. ಅದುವರೆಗೆ ಯಾರೂ ನೋಡಿರಲಿಲ್ಲ. ಗಡಿಗೆಯ ಹಾಲಿನ ಮೇಲೆ ಗಾಳಿಗೆ ಕೆನೆ ಕಟ್ಟುತ್ತಿತ್ತು, ಅದನ್ನು ತೆಗೆದು ಎಸೆಯುತ್ತಿದ್ದರು. ಅವನು ಎಣ್ಣೆ ಹಚ್ಚಿದ ಕಾಗದವನ್ನು ಹಾಲಿನ ಮೈಗೇ ಅಂಟುವಂತೆ ಒತ್ತಿ ಮುಚ್ಚಿದನು, ಕೆನೆ ಕಟ್ಟುವುದು ನಿಂತಿತು. ಹಾಲು ಸೋಸಿದ ಬಟ್ಟೆಯನ್ನು ಸುಡುತ್ತಿದ್ದರು. ಹಲಗೆ ಸೀಳದಿರಲೆಂದು ಅದರ ಮೇಲೆ ಮೊದಲು ಬಟ್ಟೆ ಅಂಟಿಸುವುದು ಹೇಗೂ ಇದ್ದದ್ದೇ. ಅವನು ಸೋಸಿದ ಬಟ್ಟೆಯನ್ನೇ, ಹಾಲು ಕುಡಿದಿದ್ದ ಹಾಗೆಯೇ, ಹಲಗೆಗೆ ಅಂಟಿಸಿದನು. ಹಳೆಯ ಹೆಂಚು ಕುಟ್ಟಿ ಜರಡಿ ಹಿಡಿದು ಅಡಿಲೇಪಕ್ಕೆ ಬೆರೆಸಿದನು. ಒಣ ಗಾಳಿ ಬೀಸಿದ ವಾರ ಲೇಪ ಒಣಗದೆ ಕೆಟ್ಟು, ಹೆರೆದು ಚೆಲ್ಲುವುದಿತ್ತು. ಹಳ್ಳದ ನೀರನ್ನು ಸಣ್ಣ ಕಾಲುವೆಯಲ್ಲಿ ತಿರುಗಿಸಿ ಕತ್ತಲೆ ಕೋಣೆಯ ನೆಲದ ಕೆಳಗೆ ಹಾಯಿಸಿದನು. ಹೊರಗೆ ಯಾವ ಗಾಳಿ ಬೀಸಿದರೂ ಕೋಣೆಯ ತೇವ ಒಂದೇ ಸಮನಾಗಿ ನಿಂತಿತು. ಲೇಪಗಳು ಬೇಗ ಒಣಗಿದವು, ಒಂದೂ ಕೆಡಲಿಲ್ಲ.

ಮರ ಗೀರುವವನು ಹಾಲು ತಂದುಕೊಡಲು ಬಂದಾಗಲೆಲ್ಲ ಇದನ್ನು ನೋಡಿ ನಗುತ್ತಿದ್ದನು.

"ಅಣ್ಣಾ, ಹಾಲಿಗೆ ನೊಣ ಬಿದ್ದರೆ ಅದನ್ನೂ ಹಿಂಡಿಕೊಳ್ಳುತ್ತೀಯೋ?"

"ಬೀಳದ ಹಾಗೆ ಮುಚ್ಚಿದ್ದೇನಲ್ಲ."

"ನಿನ್ನ ಹೆಂಡತಿ ಬಂದ ಮೇಲೆ ಅವಳಿಗೂ ಅಳೆದು ಅನ್ನ ಹಾಕುತ್ತೀಯೋ ಏನೋ."

"ಮೊದಲು ಅವಳು ಬರಲಿ" ಎಂದು ಮೆರುಗುಗಾರನು ಹೇಳಿದನು. ಮರ ಗೀರುವವನ ನಗು ಅಲ್ಲಿಗೆ ನಿಂತಿತು. ಅವನ ಕೈಯ ಬೊಬ್ಬೆಗಳಿಗೆ ಸೊಪ್ಪು ಅರೆದು ಕಟ್ಟುತ್ತಿದ್ದವಳು ಅವಳೇ. ಈಗ ಕಟ್ಟುವವರಿಲ್ಲದೆ ಅವನ ಮೊಣಕೈವರೆಗೂ ಹುಣ್ಣಾಗಿತ್ತು.

ಅವಳಿಲ್ಲದ್ದು ಊರಿಗೆಲ್ಲ ಗೊತ್ತಾಗುತ್ತಿತ್ತು. ನೆರೆಮನೆಯ ಅಜ್ಜಿಗೆ ತಲೆ ಬಾಚುವವರಿರಲಿಲ್ಲ. ಊರ ಯಜಮಾನನ ಮನೆಯ ಜಗಳ ಬಿಡಿಸುವವರಿರಲಿಲ್ಲ. ಸಂಜೆ ಯಾರಾದರೂ ಮೆರುಗುಗಾರನ ಬಾಗಿಲಿಗೆ ಬಂದು, "ಎಷ್ಟಾಯಿತು?" ಎಂದು ಕೇಳುವರು. ಎಷ್ಟು ಹಲಗೆ ಎಂದು ಅವರ ಪ್ರಶ್ನೆ. ಅವನು ಬೆರಳು ತೋರಿಸುವನು. ಅವರು ಕತ್ತಲೆ ಕೋಣೆಯ ಕದದ ಕಡೆ ನೋಡಿ ಹೋಗುವರು.

ಬೇಸಿಗೆಯ ಕೊನೆಗೆ ಅವನು ಐದು ಬೆರಳು ತೋರಿಸಿದನು. ಐದು ಹಲಗೆ ಆದವು. ಹಿಂದೆ ಎರಡೂವರೆ ಹಲಗೆಗೆ ಮುಗಿಯುತ್ತಿದ್ದ ಹಾಲಿನಲ್ಲಿ ಐದು. ಆರನೆಯದಕ್ಕೆ ಒಂದು ತೊಟ್ಟೂ ಉಳಿಯಲಿಲ್ಲ. ಇನ್ನು ಉಳಿಸಲು ಏನೂ ಇರಲಿಲ್ಲ. ಲೇಪ ಕಡಿಮೆ ಮಾಡಿದರೆ ಉಜ್ಜುವಾಗ ಹಲಗೆಯ ನಾರು ಕಾಣುತ್ತದೆ. ಗಡಿಗೆ ತೊಳೆದ ಹಾಗೆ ಬರಿದಾಗಿತ್ತು. ತೋಪಿನ ಇನ್ನೊಂದು ಅರ್ಧದಲ್ಲಿ ಈ ಬೇಸಿಗೆ ಗೀರದ ಮರಗಳು ಅವಳು ಕಟ್ಟಿದ ಹಗ್ಗ ಸುತ್ತಿಕೊಂಡು ನಿಂತಿದ್ದವು.

ಯಾರೂ ಹಗ್ಗ ಬಿಚ್ಚುವ ಮಾತೆತ್ತಲಿಲ್ಲ. ಅದು ಒಳ್ಳೆಯ ಊರು.

ಮರ ಗೀರುವವನು ಆ ಮರಗಳ ನಡುವೆ ಓಡಾಡಿ ಬಂದು, ಹಗ್ಗಗಳು ತೊಗಟೆಯನ್ನು ಬಿಗಿಯುತ್ತಿವೆ ಎಂದನು. ಮರಕ್ಕೆ ನೋವಾಗದಿರಲಿ ಎಂದು ಗಂಟುಗಳನ್ನು ಸ್ವಲ್ಪ ಸಡಿಲಿಸಿದನು. ಬಿಚ್ಚಲಿಲ್ಲ.

ಅಜ್ಜಿಗೆ ಮರಗಳು ಬಾಯಾರಿದ ಹಾಗೆ ಕಂಡವು. ಅವಳು ಮನೆಯಲ್ಲಿ ಉಳಿದ ಗಂಜಿತಿಳಿಯನ್ನು ಒಯ್ದು ದಿನವೂ ಬುಡಕ್ಕೆ ಹೊಯ್ದಳು. ಅವಳಿಗೆ ಬಗ್ಗಲು ಆಗುತ್ತಿರಲಿಲ್ಲ. ಆದ್ದರಿಂದ ಗಂಜಿ ಬುಡಕ್ಕಿಂತ ಹೆಚ್ಚಾಗಿ ಹಗ್ಗದ ಮೇಲೆಯೇ ಬಿದ್ದಿತು. ಗಂಜಿ ಬಿದ್ದ ಹುಲ್ಲು ಬೇಗ ಕೊಳೆಯುತ್ತದೆ ಎಂಬುದು ಭತ್ತ ಬೆಳೆಯುವ ಊರಿನಲ್ಲಿ ಎಲ್ಲರಿಗೂ ಗೊತ್ತು. ಅಜ್ಜಿಗೂ ಗೊತ್ತು. ಅವಳು ಅದನ್ನು ಯೋಚಿಸಲಿಲ್ಲ.

ಊರ ಯಜಮಾನನು ತೋಪಿನ ಬೇಲಿ ಹಳೆಯದಾಗಿದೆ ಎಂದು ಒಂದು ಕಡೆ ಕಿತ್ತು ಹಾಕಿಸಿದನು. ಹೊಸ ಬೇಲಿಗೆ ಬಿದಿರು ತರಲು ಹೇಳಿದನು. ಬೇಗ ತನ್ನಿ ಎಂದು ಹೇಳಲಿಲ್ಲ.

ಮೆರುಗುಗಾರನಿಗೆ ಒಂದು ಮೇಕೆಯಿತ್ತು. ಸಂಜೆ ಅದನ್ನು ದೊಡ್ಡಿಗೆ ಕೂಡಿ ಅಗಳಿ ಹಾಕುವುದು ಅವನ ನಿತ್ಯದ ಕೆಲಸ. ಆ ಸಂಜೆ ಅವನು ಮೇಕೆಯನ್ನು ಕೂಡಿದನು. ಅಗಳಿ ಹಾಕಿದನೋ ಇಲ್ಲವೋ ಆಮೇಲೆ ಅವನಿಗೆ ನೆನಪಾಗಲಿಲ್ಲ.

ಬೆಳಗಾದಾಗ ಅವನು ತೋಪಿಗೆ ಹೋದನು. ಕೈಯಲ್ಲಿ ಏನೂ ಇರಲಿಲ್ಲ. ಗಂಟುಗಳನ್ನು ಒಮ್ಮೆ ಮುಟ್ಟಿ ನೋಡುತ್ತೇನೆ, ಅವಳು ಹಾಕಿದ ಗಂಟಲ್ಲವೇ, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡನು. ಮುಟ್ಟಿದ ಮೇಲೆ ಬೆರಳು ಏನು ಮಾಡುತ್ತಿತ್ತು ಎಂದು ಅವನು ಕೇಳಿಕೊಳ್ಳಲಿಲ್ಲ.

ಮುಟ್ಟಲು ಗಂಟೇ ಇರಲಿಲ್ಲ. ಗಂಜಿಯ ಉಪ್ಪಿಗೆ ಮೇಕೆ ಹಗ್ಗಗಳನ್ನು ನೆಕ್ಕಿತ್ತು. ಸಡಿಲವಾಗಿದ್ದ ಗಂಟುಗಳನ್ನು ಕಚ್ಚಿ ಎಳೆದಿತ್ತು. ಕೆಲವನ್ನು ತಿಂದಿತ್ತು, ಉಳಿದವನ್ನು ತುಂಡುಮಾಡಿ ನೆಲಕ್ಕೆ ಬಿಟ್ಟಿತ್ತು. ತೋಪಿನ ನಡುವೆ ಕಾಲು ಮಡಿಸಿ ಕುಳಿತು, ಗಡ್ಡದಲ್ಲಿ ಹುಲ್ಲು ಸಿಕ್ಕಿಸಿಕೊಂಡು, ಮೆಲುಕು ಹಾಕುತ್ತಿತ್ತು. ತನ್ನ ಒಡೆಯನನ್ನು ಕಂಡು ಒಮ್ಮೆ ಕೂಗಿತು.

ಮೆರುಗುಗಾರನಿಗೆ ಮೊದಲು ಆದದ್ದು ಸಂತೋಷ. ಅದನ್ನು ಮುಚ್ಚಿಡಬಾರದು. ಅವನಿಗೆ ಎದೆ ತುಂಬುವಷ್ಟು ಸಂತೋಷವಾಯಿತು. ಹಗ್ಗ ಬಿದ್ದಿದೆ, ಅವಳು ಬರುತ್ತಾಳೆ. ಆಮೇಲೆ ಅವನು ಮೇಕೆಯ ಮುಖ ನೋಡಿದನು. ತುಂಬಾ ಹೊತ್ತು ನೋಡಿದನು.

ಸುದ್ದಿ ಹಬ್ಬಿತು. ಊರೆಲ್ಲ ತೋಪಿಗೆ ಬಂದಿತು. ಮರ ಗೀರುವವನು ಕತ್ತಿಯನ್ನು ಮಸೆದುಕೊಂಡೇ ಬಂದಿದ್ದನು. ಊರ ಯಜಮಾನನು ಎಲ್ಲರ ಎದುರು ನಿಂತು ಕೇಳಿದನು, "ಹಗ್ಗ ತಾನಾಗಿ ಬಿದ್ದರೆ ಮರ ಗೀರಬಹುದು ಎಂಬುದು ನಿಯಮ. ಹಗ್ಗ ಬಿದ್ದಿದೆ. ನಿಮ್ಮಲ್ಲಿ ಯಾರಾದರೂ ಬಿಚ್ಚಿದಿರೇನು?"

"ನಾನು ಬಿಚ್ಚಲಿಲ್ಲ" ಎಂದು ಮರ ಗೀರುವವನು ಹೇಳಿದನು. ಅದು ನಿಜವಾಗಿತ್ತು.

"ನನ್ನ ಈ ಬೆರಳಿನಲ್ಲಿ ಗಂಟು ಬಿಚ್ಚುವ ಶಕ್ತಿ ಎಲ್ಲಿದೆಯಪ್ಪ?" ಎಂದು ಅಜ್ಜಿ ಹೇಳಿದಳು. ಅದೂ ನಿಜವಾಗಿತ್ತು.

"ನಾನಂತೂ ಈ ಬೆಳಗಿನವರೆಗೆ ತೋಪಿಗೆ ಕಾಲಿಟ್ಟಿರಲಿಲ್ಲ" ಎಂದು ಊರ ಯಜಮಾನನೇ ಸೇರಿಸಿದನು. "ಹಾಗಾದರೆ ಮೇಕೆ ತಿಂದಿದೆ. ಮೇಕೆಗೆ ಊರಿನ ನಿಯಮ ಗೊತ್ತೇ?"

ಜನ ನಕ್ಕರು. ಎಷ್ಟೋ ತಿಂಗಳ ಮೇಲೆ ಆ ಊರಿನಲ್ಲಿ ಎಲ್ಲರೂ ಒಟ್ಟಿಗೆ ನಕ್ಕಿದ್ದು ಅಂದೇ.

"ಮೇಕೆಗೆ ಗೊತ್ತಿಲ್ಲ" ಎಂದು ಮೆರುಗುಗಾರನು ಹೇಳಿದನು. "ಅಗಳಿ ಹಾಕುವವನಿಗೆ ಗೊತ್ತು."

"ಒಂದು ದಿನ ಮರೆತೆ. ಮರೆಯುವುದೂ ತಪ್ಪೇನೋ?" ಎಂದು ಊರ ಯಜಮಾನನು ಕೇಳಿದನು.

"ಈ ಮೇಕೆ ಮರಿಯಾಗಿದ್ದಾಗಿನಿಂದ ನನ್ನ ಮನೆಯಲ್ಲಿದೆ. ಒಂದು ದಿನವೂ ಮರೆಯದವನು ನಿನ್ನೆಯೇ ನಾನು ಏಕೆ ಮರೆತೆ?"

ಮರ ಗೀರುವವನು ಮುಂದೆ ಬಂದನು. "ಅಣ್ಣಾ, ಕೇಳು. ಇದೊಂದೇ ಸಲ. ನಾನು ಆಳಕ್ಕೆ ಗೀರುವುದಿಲ್ಲ. ಒಂದು ಹಲಗೆಗೆ ಆಗುವಷ್ಟು ತೆಗೆದು ಬಿಟ್ಟುಬಿಡುತ್ತೇನೆ. ಮತ್ತೆ ಹಗ್ಗ ಕಟ್ಟೋಣ ಎಂದರೂ ಈಗ ಊರಿನಲ್ಲಿ ಹುಲ್ಲೆಲ್ಲಿದೆ? ಭತ್ತ ಕೊಯ್ಯಲು ಇನ್ನೂ ಎಷ್ಟು ದಿನ ಬೇಕು!"

ಅಜ್ಜಿ ಕೋಲೂರಿಕೊಂಡು ಬಂದು ಅವನ ತೋಳು ಹಿಡಿದಳು. "ಹುಚ್ಚಪ್ಪ, ಅವಳು ಬರುವುದು ನಿನಗೆ ಬೇಡವೇನೋ?"

ಮೆರುಗುಗಾರನ ಸೊಂಟದಲ್ಲಿ ಕುಂಚವಿತ್ತು. ಗೇಣುದ್ದ ಇದ್ದದ್ದು ಈಗ ಒಂದು ಬೆರಳಿನಷ್ಟಾಗಿತ್ತು. ಅದರ ಮೇಲೆ ಕೈ ಇಟ್ಟುಕೊಂಡು ಹೇಳಿದನು:

"ಅಜ್ಜೀ, ಈ ಹಲಗೆಗಳನ್ನು ಅಲ್ಲಿ ಉಜ್ಜುವ ಕೈ ಯಾರದು? ದಣಿದ ಮರದ ಹಾಲು ನೀರಾಗಿರುತ್ತದೆ. ನಿನಗೆ ಗೊತ್ತಾಗುವುದಿಲ್ಲ. ಅಧಿಕಾರಿಗೆ ಗೊತ್ತಾಗುವುದಿಲ್ಲ. ಅವಳು ಆರನೆಯ ಹಲಗೆ ಮುಟ್ಟುತ್ತಾಳೆ. ಮುಟ್ಟಿದ ಕೂಡಲೇ, ತಾನು ಕಟ್ಟಿ ಬಂದ ಹಗ್ಗ ಈಗ ಮರದ ಮೇಲಿಲ್ಲ ಎಂದು ಅವಳಿಗೆ ತಿಳಿಯುತ್ತದೆ. ಆಮೇಲೆ ಅವಳು ಬರುವುದು ಯಾವ ಊರಿಗೆ?"

"ಮತ್ತೆ ಆರನೆಯದಕ್ಕೆ ಏನು ಮಾಡುತ್ತೀ?"

"ಬರಿ ಮರವಾಗಿಯೇ ಕಳಿಸುತ್ತೇನೆ. ಅದನ್ನು ಮುಟ್ಟಿದರೂ ಅವಳಿಗೆ ತಿಳಿಯುತ್ತದೆ."

"ಅವಳಿಗೆ ತಿಳಿಯುತ್ತದೆ, ಸರಿ. ಅರಮನೆಯವರು ಒಪ್ಪದೆ ಹೋದರೆ?"

ಮೆರುಗುಗಾರನು ಮೇಕೆಯ ಕೊರಳಿಗೆ ಕೈ ಹಾಕಿ ಎಬ್ಬಿಸಿದನು. ಅದು ಬರಲೊಲ್ಲದೆ ಕಾಲೂರಿತು. ಎಳೆದುಕೊಂಡೇ ಹೋದನು. ದೊಡ್ಡಿಗೆ ಕೂಡಿ, ಅಗಳಿ ಹಾಕಿ, ಹಾಕಿದ್ದೇನೆ ಎಂದು ಬಾಯಲ್ಲಿ ಹೇಳಿ, ಇನ್ನೊಮ್ಮೆ ಎಳೆದು ನೋಡಿದನು.

ತೋಪಿನಲ್ಲಿ ಜನ ಹಾಗೆಯೇ ನಿಂತಿದ್ದರು. ಹೇಗೂ ಮನಸ್ಸು ಬದಲಿಸುತ್ತಾನೆ ಎಂದು ಕೆಲವರು ಅಂದುಕೊಂಡರು. ಅವನು ಇಲ್ಲದಾಗಲೇ ಗೀರಿಬಿಡಲೇ ಎಂದು ಮರ ಗೀರುವವನು ಕಣ್ಣಿನಲ್ಲೇ ಊರ ಯಜಮಾನನನ್ನು ಕೇಳಿದನು. ಊರ ಯಜಮಾನನು ಬೇರೆ ಕಡೆ ನೋಡಿದನು. ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಕತ್ತಿ ಮೊದಲ ಮರದ ತೊಗಟೆಯವರೆಗೆ ಹೋಯಿತು.

ಅಷ್ಟರಲ್ಲಿ ಮೆರುಗುಗಾರನು ಬಂದನು. ಅವನ ಹೆಗಲ ಮೇಲೆ ಸುರುಳಿ ಸುತ್ತಿದ ಹುಲ್ಲುಚಾಪೆಯಿತ್ತು. ಅದನ್ನು ನೆಲಕ್ಕೆ ಹಾಸಿದನು. ಒಂದು ಕಡೆ ಕಪ್ಪು, ಒಂದು ಕಡೆ ಹೊಂಬಣ್ಣ. ಅದು ಯಾವ ಚಾಪೆ ಎಂದು ಎಲ್ಲರಿಗೂ ತಿಳಿಯಿತು. ಒಂದು ವರ್ಷದಿಂದ ಯಾರೂ ಮಲಗದ ಕಡೆಯಿಂದ ಅವನು ಹುಲ್ಲನ್ನು ಎಳೆ ಎಳೆಯಾಗಿ ಬಿಡಿಸಿದನು. ತೊಡೆಯ ಮೇಲೆ ಹೊಸೆದು ಹುರಿ ಮಾಡಿದನು. ಮರ ಗೀರುವವನ ಕತ್ತಿಗೂ ಮರಕ್ಕೂ ನಡುವೆ ಕೈ ತೂರಿಸಿ, ಮೊದಲ ಮರಕ್ಕೆ ಸುತ್ತಿ ಗಂಟು ಹಾಕಿದನು. ಅವಳ ಗಂಟಿನಷ್ಟು ಅಚ್ಚುಕಟ್ಟಾಗಿ ಬರಲಿಲ್ಲ. ಬಿಚ್ಚಿ, ಮತ್ತೆ ಹಾಕಿದನು.

ಬಿಸಿಲು ಏರಿತು. ಜನ ಒಬ್ಬೊಬ್ಬರಾಗಿ ಮನೆಗೆ ಹೋದರು. ಅವನು ಹೊಸೆಯುತ್ತ, ಕಟ್ಟುತ್ತ ಮರದಿಂದ ಮರಕ್ಕೆ ನಡೆದನು. ಸಂಜೆಯ ಹೊತ್ತಿಗೆ ಅವಳ ಪಾಲಿನ ಹುಲ್ಲು ಮುಗಿಯಿತು. ಒಂದು ಮರ ಉಳಿದಿತ್ತು. ಅವಳು ಅಧಿಕಾರಿಯನ್ನು ಕಾಯಿಸಿ ಕೊನೆಗೆ ಕಟ್ಟಿದ್ದು ಅದೇ ಮರಕ್ಕೆ. ಅವನು ಚಾಪೆಯ ತನ್ನ ಅರ್ಧವನ್ನು ಹತ್ತಿರಕ್ಕೆ ಎಳೆದುಕೊಂಡು, ಅದರ ಹುಲ್ಲನ್ನೂ ಕಿತ್ತು, ಹೊಸೆದು ಕಟ್ಟಿದನು.

ಗುರುಗಳು ಇಷ್ಟಕ್ಕೆ ಕತೆ ನಿಲ್ಲಿಸಿದರು.

ಶಿಷ್ಯನು ಕಾದನು. ಗುರುಗಳು ಮುಂದೆ ಹೇಳುವ ಹಾಗೆ ಕಾಣಲಿಲ್ಲ. ಅಂಗಳದ ಆಚೆ ಭಾವ ಕೆಮ್ಮಿದನು. ಎತ್ತಿನ ಕೊರಳ ಗಂಟೆ ಅಲುಗಿತು. ಶಿಷ್ಯನು ಎದ್ದು ನಿಂತು, "ಅವಳು ಬಂದಳೇ, ಗುರುಗಳೇ?" ಎಂದು ಕೇಳಿದನು.

ಗುರುಗಳು ಹೇಳಿದರು:

"ನಿನ್ನ ಭಾವ ಕಾಯುತ್ತಿದ್ದಾನೆ, ಹೊರಡುವುದಾದರೆ ಮೊದಲು ಬಾವಿಯ ಬಳಿ ನೀನು ಬಿಟ್ಟ ಮೇಕೆಯನ್ನು ಕಟ್ಟಿ ಹೊರಡು."